ಹೊಸ ಊರಿಗೆ ಬಂದವರ ಕಾಗದಪತ್ರ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ನಮ್ಮ ಉಡುಪಿ ಜಿಲ್ಲೆಯ ಗಂಗೊಳ್ಳಿಯ ದಕ್ಕೆಯಲ್ಲಿ ಒಡಿಯಾ, ಹಿಂದಿ ಮಾತು ಮತ್ತೆ ಕೇಳಿಸತೊಡಗುತ್ತದೆ. ಮಳೆ ಬಿಟ್ಟ ಮೇಲೆ ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರಿನ ಕಡೆಯಿಂದ ಗಾರೆ ಕೆಲಸದವರು, ಕೆಂಪುಕಲ್ಲಿನ ಕೋರೆಯವರು, ರಸ್ತೆ ಕೆಲಸದವರು ಮಕ್ಕಳುಮರಿ ಸಮೇತ ಬಂದಿಳಿಯುತ್ತಾರೆ. ನಾವು ಅವರನ್ನೆಲ್ಲ ಒಟ್ಟಿಗೆ ‘ಘಟ್ಟದ ಮೇಲಿನವರು’ ಎಂದುಬಿಡುತ್ತೇವೆ. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ದುಬೈಯಲ್ಲೋ ಹತ್ತಿಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ ನಮ್ಮವರೂ ಇದ್ದಾರೆ. ಮದುವೆಯಾಗಿ ಬೇರೆ ಜಿಲ್ಲೆಯಿಂದ ಬಂದ ಸೊಸೆಯಂದಿರೂ ಇದ್ದಾರೆ. ಸರ್ಕಾರಿ ಕಚೇರಿಯ ಲೆಕ್ಕದಲ್ಲಿ ಇವರೆಲ್ಲರ ಪಾಡೂ ಒಂದೇ. ಇರುವುದು ಒಂದು ಕಡೆ, ದಾಖಲೆ ಇನ್ನೊಂದು ಕಡೆ.

ಕೆಲವರಿಗಂತೂ ಊರು ಬಿಡದೆಯೇ ತಾಲೂಕು ಬದಲಾಯಿತು. 2018ರಲ್ಲಿ ಕುಂದಾಪುರ ತಾಲೂಕಿನಿಂದ ಬೈಂದೂರೂ ಉಡುಪಿ ತಾಲೂಕಿನಿಂದ ಬ್ರಹ್ಮಾವರವೂ ಬೇರೆಯಾದವು. ಕೂತಲ್ಲೇ ಇದ್ದವರ ಹಳೆಯ ಕಾಗದದಲ್ಲಿ ಒಂದು ತಾಲೂಕು, ಹೊಸ ಕಾಗದದಲ್ಲಿ ಮತ್ತೊಂದು. ಹಾಗಿರುವಾಗ ಐನೂರು ಮೈಲಿ ದೂರದಿಂದ ಬಂದವರ ಗೊಂದಲ ಎಷ್ಟಿರಬೇಡ! ಹೊಸ ಊರಿಗೆ ಬಂದವರು ಮೊದಲು ಯಾವ ಕೆಲಸ ಮಾಡಿಕೊಳ್ಳಬೇಕು, ಯಾವುದಕ್ಕೆ ಓಡಾಡುವ ಅಗತ್ಯವೇ ಇಲ್ಲ, ಕಾಯಿಲೆ ಬಿದ್ದರೆ ಸರ್ಕಾರದ ಆರೋಗ್ಯ ರಕ್ಷಣೆ ಹೇಗೆ ಸಿಗುತ್ತದೆ ಎಂಬುದು ಇಂದಿನ ಮಾತು.

ವಲಸೆ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಂದ ಮುಂಬಯಿಗೆ ಹೋದ ಹುಡುಗರಿಗೆ ಅಲ್ಲಿ ಊರವರ ಆಸರೆ ಇತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ. ಒಂದು ಕಾಲಕ್ಕೆ ಮುಂಬಯಿಯಲ್ಲಿ ರೇಷನ್ ಕಾರ್ಡು ಕೈಗೆ ಬಂತೆಂದರೆ ಮನುಷ್ಯ ನೆಲೆ ನಿಂತ ಹಾಗೆ. ವಾಸಕ್ಕೂ ಗುರುತಿಗೂ ಅದೇ ಸಾಕ್ಷಿ. ಆದರೆ ಕೊರೊನಾ ಹಬ್ಬಿದ್ದ 2020ರ ಮೇ ತಿಂಗಳಲ್ಲಿ ಅದೇ ಮುಂಬಯಿಯಿಂದ ಸಾವಿರಾರು ಮಂದಿ ಕುಂದಾಪುರ, ಬೈಂದೂರಿನ ಹಳ್ಳಿಗಳಿಗೆ ಮರಳಿ, ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನಿನಲ್ಲಿ ಕುಳಿತರು. ಎಷ್ಟೋ ಜನರ ಕಾರ್ಡು ಮಹಾರಾಷ್ಟ್ರದ್ದು, ಹಸಿವು ಕರ್ನಾಟಕದ್ದು. ದೇಶದ ಎಲ್ಲ ಕಡೆಯೂ ಇದೇ ಕತೆಯಾದಾಗ, ಕಾರ್ಡಿಲ್ಲದ ವಲಸಿಗರಿಗೂ ತಲಾ 5 ಕೆಜಿ ಧಾನ್ಯವನ್ನು ಎರಡು ತಿಂಗಳ ಮಟ್ಟಿಗೆ ಕೇಂದ್ರ ಸರ್ಕಾರ ಬಿಡುಗಡೆ ಮಾಡಬೇಕಾಯಿತು. ಸೌಲಭ್ಯವು ವಿಳಾಸಕ್ಕೆ ಅಂಟಿಕೊಂಡಿರಬಾರದು, ಮನುಷ್ಯನ ಜತೆ ಬರಬೇಕು ಎಂಬುದು ಎಲ್ಲರಿಗೂ ಮನದಟ್ಟಾದ ಕಾಲ ಅದು.

ಈಗ ವಿಷಯಕ್ಕೆ ಬರೋಣ. ಸರ್ಕಾರದ ಸೌಲಭ್ಯಗಳನ್ನು ಮೂರು ಗುಂಪು ಮಾಡಿ ನೆನಪಿಟ್ಟುಕೊಳ್ಳಿ. ವಿಳಾಸವನ್ನೇ ಕೇಳದೆ ಸಿಗುವಂಥವು, ನಿಮ್ಮ ಜತೆಗೇ ಬರುವಂಥವು, ನೀವಾಗಿ ವರ್ಗಾಯಿಸಿಕೊಳ್ಳಬೇಕಾದಂಥವು.

ಮೊದಲನೆಯ ಗುಂಪು. ಮಗುವಿಗೆ ಲಸಿಕೆ ಹಾಕಿಸಲು ರೇಷನ್ ಕಾರ್ಡು ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರಕ್ಕೆ ಔಷಧಿ ಪಡೆಯಲು ಈ ಊರಿನ ವಿಳಾಸ ಬೇಡ. ಬಸುರಿ ಹೆಂಗಸು ಯಾವ ಜಿಲ್ಲೆಯವಳಾದರೂ, ಯಾವ ರಾಜ್ಯದವಳಾದರೂ ಆಶಾ ಕಾರ್ಯಕರ್ತೆಯನ್ನು ಕಂಡು ತಾಯಿ ಕಾರ್ಡು ಮಾಡಿಸಿಕೊಳ್ಳಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಬೇಕಾದರೆ ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಮರಳುವ ವಾಹನ, ಎಲ್ಲವೂ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಬಡವರಿಗೆ ಮಾತ್ರ ಎಂಬ ಷರತ್ತೂ ಇಲ್ಲ. ತುರ್ತಿಗೆ 108 ಆಂಬ್ಯುಲೆನ್ಸ್ ಇದೆ. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿ ಇದೆ.

ಶಾಲೆಯ ಬಗ್ಗೆ ಒಂದು ಮಾತು. ‘ಟಿ.ಸಿ. ಊರಲ್ಲೇ ಉಳಿದಿದೆ, ಮುಂದಿನ ವರ್ಷ ಸೇರಿಸುತ್ತೇವೆ’ ಎಂದು ಮಕ್ಕಳನ್ನು ಕೆಲಸದ ಜಾಗದಲ್ಲೇ ಮರಳಿನ ರಾಶಿಯ ಮೇಲೆ ಆಡಲು ಬಿಟ್ಟಿರುವ ತಂದೆತಾಯಿಗಳಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದೋ ಜನನ ಪ್ರಮಾಣಪತ್ರ ಇಲ್ಲವೆಂದೋ ಮಗುವಿಗೆ ಪ್ರವೇಶ ನಿರಾಕರಿಸುವ ಹಾಗಿಲ್ಲ. ಇಂದು ಸೇರಿಸಿ, ಕಾಗದ ಆಮೇಲೆ ಬರಲಿ.

ಎರಡನೆಯ ಗುಂಪು ನಿಮ್ಮ ಜತೆಗೇ ಬರುವಂಥದ್ದು. ಮೊದಲು ಪಡಿತರ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲಿ ಸೇರಿತು. ಜಾರ್ಖಂಡಿನ ಕಾರ್ಡು ಇದ್ದವರೂ ಬೈಂದೂರಿನ ಸೊಸೈಟಿಯಲ್ಲಿ ಕಾರ್ಡಿನ ಸಂಖ್ಯೆ ಹೇಳಿ, ಬೆರಳು ಒತ್ತಿ, ಕೇಂದ್ರದ ಪಾಲಿನ ಅಕ್ಕಿ ಪಡೆಯಬಹುದು. ಕುಟುಂಬದ ಒಂದು ಭಾಗ ಊರಲ್ಲಿದ್ದರೆ ಅವರ ಪಾಲು ಅಲ್ಲಿ, ನಿಮ್ಮ ಪಾಲು ಇಲ್ಲಿ. ಆದರೆ ಕರ್ನಾಟಕ ಸರ್ಕಾರ ತನ್ನ ಕಾರ್ಡುದಾರರಿಗೆ ಹೆಚ್ಚುವರಿಯಾಗಿ ಕೊಡುವುದು ಹೊರರಾಜ್ಯದ ಕಾರ್ಡಿಗೆ ಸಿಗದು. ಕೊಪ್ಪಳದ ಕಾರ್ಡು ಇದ್ದವರಿಗೆ ಆ ತೊಂದರೆಯಿಲ್ಲ.

ಇಲ್ಲಿ ಎಡವುವುದು ಬೆರಳಿನಲ್ಲಿ. ಸಿಮೆಂಟು ಕಲಸಿ, ಕೆಂಪುಕಲ್ಲು ಹೊತ್ತು ಬೆರಳ ತುದಿಯ ಗೆರೆ ಸವೆದುಹೋದವರು ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು, ಬೇರೆ ಬೆರಳಿಟ್ಟರೂ ಕೆಂಪು. ನಮ್ಮ ಗೇರುಬೀಜ ಕಾರ್ಖಾನೆಗಳಲ್ಲಿ ಸಿಪ್ಪೆ ಬಿಡಿಸುವ ಹೆಂಗಸರಿಗೂ ಇದೇ ಗೋಳು. ಸಿಪ್ಪೆಯ ಎಣ್ಣೆ ಬೆರಳಿನ ಚರ್ಮವನ್ನೇ ಸುಟ್ಟಿರುತ್ತದೆ. ಆಗ ಉಳಿಯುವ ದಾರಿ ಮೊಬೈಲಿಗೆ ಬರುವ ಓಟಿಪಿ. ಆದರೆ ಆಧಾರಿಗೆ ಜೋಡಿಸಿದ ಸಿಮ್ಮು ಎರಡು ವರ್ಷದ ಹಿಂದೆಯೇ ಕಳೆದುಹೋಗಿದೆ! ಆದ್ದರಿಂದ ಹೊಸ ಊರಿಗೆ ಬಂದವರಿಗೆ ನಾನು ಹೇಳುವ ಮೊದಲ ಕೆಲಸ ಇದು: ಈಗ ಕೈಯಲ್ಲಿರುವ ಮೊಬೈಲ್ ಸಂಖ್ಯೆಯನ್ನು ಆಧಾರಿಗೆ ಜೋಡಿಸಿಕೊಳ್ಳಿ. ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋದರೆ ಇದು ಆಗುತ್ತದೆ. ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲ, ಇದೊಂದು ಆದರೆ ಮುಂದಿನ ಹತ್ತು ಕೆಲಸ ಸಲೀಸು.

ಇನ್ನು ಆರೋಗ್ಯ ರಕ್ಷಣೆ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅದೇ ವರ್ಷ ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಅದರ ಜತೆ ಸೇರಿಕೊಂಡಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಒಳರೋಗಿ ಚಿಕಿತ್ಸೆ ಉಚಿತ. ಉಳಿದವರಿಗೆ ಯೋಜನೆಯ ದರದ ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ. ಆಧಾರ್ ಮತ್ತು ರೇಷನ್ ಕಾರ್ಡು ಹಿಡಿದು ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಕಾರ್ಡು ಮಾಡಿಕೊಡುತ್ತಾರೆ.

ಕಾರ್ಡು ಇದ್ದರಾಯಿತು, ಯಾವ ಆಸ್ಪತ್ರೆಗೆ ಬೇಕಾದರೂ ಹೋಗಬಹುದು ಎಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಬ್ರಹ್ಮಾವರದಲ್ಲಿ ಮನೆ ಕಟ್ಟುವ ಕೆಲಸದಲ್ಲಿರುವ ಒಬ್ಬ ಮೇಸ್ತ್ರಿಗೆ ಕಿಬ್ಬೊಟ್ಟೆಯಲ್ಲಿ ಗಂಟು ಎದ್ದಿದೆ, ಹರ್ನಿಯಾ ಇರಬೇಕು ಎಂದಿಟ್ಟುಕೊಳ್ಳೋಣ. ಅವನು ಮೊದಲು ಹೋಗಬೇಕಾದದ್ದು ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರಕ್ಕೆ. ಬೈಂದೂರಿನವನಾದರೆ ಅಲ್ಲಿನ ಸಮುದಾಯ ಆರೋಗ್ಯ ಕೇಂದ್ರ, ಕುಂದಾಪುರದವನಾದರೆ ಅಲ್ಲಿನ ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗುವ ಚಿಕಿತ್ಸೆಯಾದರೆ ಅಲ್ಲಿಯೇ. ಆಗದಿದ್ದರೆ ವೈದ್ಯರು ರೆಫರಲ್ ಚೀಟಿ ಬರೆದುಕೊಡುತ್ತಾರೆ. ಅದನ್ನು ಹಿಡಿದು ಉಡುಪಿಯ ಜಿಲ್ಲಾಸ್ಪತ್ರೆಗೋ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೋ ಹೋಗಬೇಕು. ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದರೆ ಬಿಲ್ಲು ನಿಮ್ಮದೇ ಆಗಬಹುದು. ಅಪಘಾತ, ಹೃದಯಾಘಾತದಂಥ ತುರ್ತು ಸಂದರ್ಭದಲ್ಲಿ ಮಾತ್ರ ಚೀಟಿಗೆ ಕಾಯದೆ ಯೋಜನೆಯ ಆಸ್ಪತ್ರೆಗೆ ನೇರ ಹೋಗಬಹುದು. ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದೇ, ‘ಆರೋಗ್ಯ ಮಿತ್ರ ಎಲ್ಲಿ ಕೂರುತ್ತಾರೆ?’ ಯೋಜನೆಯ ಕಾಗದಪತ್ರ ನೋಡಿಕೊಳ್ಳಲೆಂದೇ ಇರುವವರು ಅವರು. ಹಣ ಕಟ್ಟಿ ಬಿಡುಗಡೆಯಾಗುವ ದಿನ ಕೇಳಿದರೆ ಪ್ರಯೋಜನವಿಲ್ಲ.

ಹೊರರಾಜ್ಯದವರ ಆಯುಷ್ಮಾನ್ ಕಾರ್ಡು ಇಲ್ಲಿ ನಡೆಯುತ್ತದೆಯೇ? ಅವರ ರಾಜ್ಯ ಯೋಜನೆಗೆ ಸೇರಿದ್ದರೆ ನಡೆಯುತ್ತದೆ. ಜಾರ್ಖಂಡ್ ಮೊದಲಿನಿಂದಲೂ ಇದೆ. ಯೋಜನೆಗೆ ಚಾಲನೆ ಸಿಕ್ಕಿದ್ದೇ ರಾಂಚಿಯಲ್ಲಿ. ಒಡಿಶಾ ಸೇರಿದ್ದು 2025ರಲ್ಲಿ. ಬೋಟಿನ ಮಾಲೀಕರು ತಮ್ಮ ಹುಡುಗರ ಬಳಿ ಕಾರ್ಡು ಇದೆಯೇ ಎಂದು ಋತುವಿನ ಆರಂಭದಲ್ಲೇ ವಿಚಾರಿಸಿಕೊಳ್ಳಲಿ. ವಿವರಕ್ಕೆ 14555 ಎಂಬ ಉಚಿತ ಸಂಖ್ಯೆ ಇದೆ.

ನಮ್ಮ ಜಿಲ್ಲೆಯಲ್ಲಿ ‘ಆರೋಗ್ಯ ಕಾರ್ಡು’ ಎಂದರೆ ಹಲವರ ಮನಸ್ಸಿಗೆ ಬರುವುದು ಮಣಿಪಾಲದ ಕಾರ್ಡು. ಅದು ಆ ಸಂಸ್ಥೆಯ ಆಸ್ಪತ್ರೆಗಳಲ್ಲಿ ರಿಯಾಯಿತಿ ಕೊಡುವ, ಹಣ ಕಟ್ಟಿ ಮಾಡಿಸಿಕೊಳ್ಳುವ ಕಾರ್ಡು. ಸರ್ಕಾರದ ಆಯುಷ್ಮಾನ್ ಕಾರ್ಡು ಬೇರೆ. ಒಂದು ಇದ್ದರೆ ಇನ್ನೊಂದು ಬೇಡ ಎಂದುಕೊಳ್ಳಬೇಡಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ ಇದೆ. ಊರಿಗೆ ಮರಳಿ ನೆಲೆಸಿ ಸಂಘದಲ್ಲಿ ಸದಸ್ಯರಾದವರು ಅದನ್ನು ಕೇಳಿ ನೋಡಬಹುದು.

ಹಂಚಿನ ಕಾರ್ಖಾನೆ, ಗೇರುಬೀಜ ಕಾರ್ಖಾನೆ, ಹೋಟೆಲುಗಳಲ್ಲಿ ದುಡಿಯುವವರಿಗೆ ಇನ್ನೊಂದು ದಾರಿ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ, ತಿಂಗಳಿಗೆ 21 ಸಾವಿರ ರೂಪಾಯಿವರೆಗೆ ಸಂಬಳ ಇರುವವರು ಇದಕ್ಕೆ ಬರುತ್ತಾರೆ. ಸಂಬಳದಿಂದ ಮುರಿಯುವುದು ನೂರಕ್ಕೆ 75 ಪೈಸೆ, ಮಾಲೀಕರು ಕಟ್ಟುವುದು ನೂರಕ್ಕೆ 3 ರೂಪಾಯಿ 25 ಪೈಸೆ. ಮುಂಬಯಿಯ ಹೋಟೆಲಿನಲ್ಲಿ ಸಿಕ್ಕಿದ ಇಎಸ್‌ಐ ಸಂಖ್ಯೆಯೇ ಕುಂದಾಪುರದಲ್ಲೂ ಮುಂದುವರಿಯುತ್ತದೆ. ಹಳೆಯ ಸಂಖ್ಯೆಯನ್ನು ಹೊಸ ಮಾಲೀಕರಿಗೆ ಕೊಡಿ. ಬಿಡಿ ಕೂಲಿಯವರು 2021ರಲ್ಲಿ ಆರಂಭವಾದ ಅಸಂಘಟಿತ ಕಾರ್ಮಿಕರ ನೋಂದಣಿ ತಾಣ ಇ-ಶ್ರಮ್‌ನಲ್ಲಿ ಹೆಸರು ಬರೆಸಿಕೊಳ್ಳಲಿ, ಅದರ ಹನ್ನೆರಡು ಅಂಕಿಯ ಸಂಖ್ಯೆ ದೇಶವಿಡೀ ಒಂದೇ. ಕಟ್ಟಡ ಕೆಲಸದವರು, ಹದಿನೆಂಟರಿಂದ ಅರವತ್ತು ವರ್ಷದೊಳಗಿದ್ದು, ಹಿಂದಿನ ವರ್ಷದಲ್ಲಿ 90 ದಿನ ದುಡಿದಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಚಿಕಿತ್ಸೆ, ಅಪಘಾತ, ಮಕ್ಕಳ ಓದು, ಮದುವೆ, ಪಿಂಚಣಿ, ಇವಕ್ಕೆಲ್ಲ ಅಲ್ಲಿ ಸಹಾಯವಿದೆ.

ಮೂರನೆಯ ಗುಂಪು, ನೀವೇ ವರ್ಗಾಯಿಸಿಕೊಳ್ಳಬೇಕಾದದ್ದು. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇಲ್ಲಿ ನೆಲೆಸುತ್ತೀರೋ, ಮಳೆಗಾಲಕ್ಕೆ ಊರಿಗೆ ಹೊರಡುವವರೋ? ವರ್ಷ ವರ್ಷ ಹೋಗಿಬರುವವರು ಆಧಾರಿನ ವಿಳಾಸ ಬದಲಿಸುವ ಗೋಜಿಗೆ ಹೋಗುವುದು ಬೇಡ. ಊರಲ್ಲಿರುವ ಹೊಲ, ಕಾರ್ಡು, ಓಟು ಎಲ್ಲವೂ ಹಳೆಯ ವಿಳಾಸದ ಮೇಲೆ ನಿಂತಿರುತ್ತವೆ. ನೆಲೆಸುವವರು ಮಾತ್ರ ಬಾಡಿಗೆ ಕರಾರು ಪತ್ರ ಮಾಡಿಸಿಕೊಂಡು ವಿಳಾಸ ಬದಲಿಸಲಿ. ಮನೆಯ ಯಜಮಾನರ ವಿಳಾಸ ಬದಲಾಗಿದ್ದರೆ ಅವರ ಒಪ್ಪಿಗೆಯ ಮೇಲೆ ಉಳಿದವರದನ್ನೂ ಬದಲಿಸಲು ಅವಕಾಶವಿದೆ. ಮತದಾರರ ಪಟ್ಟಿಯ ಹೆಸರನ್ನು ಇಲ್ಲಿಗೆ ತರಲು ನಮೂನೆ 8. ಮದುವೆಯಾಗಿ ಬಂದವರು ತವರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸದೆ ಗಂಡನ ಮನೆಯ ಕಾರ್ಡಿಗೆ ಸೇರಿಸಲು ಬರುವುದಿಲ್ಲ. ಹೆರಿಗೆಯ ಹೊತ್ತಿಗೆ ನೆನಪಾಗುವ ಈ ಕೆಲಸವನ್ನು ಮದುವೆಯ ಫೋಟೋ ಬರುವ ಮೊದಲೇ ಮುಗಿಸಿ.

ಆದಾಯ, ಜಾತಿ, ವಾಸಸ್ಥಳ ಪ್ರಮಾಣಪತ್ರಗಳಿಗೆ ನಾಡಕಚೇರಿ ಅಥವಾ ಗ್ರಾಮ ಒನ್. ಅರ್ಜಿ ಕೊಟ್ಟ ಮೇಲೆ ಸಕಾಲದ ಸಂಖ್ಯೆ ಇರುವ ರಸೀದಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆ ಪ್ರತಿ ಸೇವೆಗೂ ಗಡುವು ಇಟ್ಟಿದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕೂ ನಿಮಗಿದೆ. ಮೂಲ ಆಧಾರ್ ಕಾರ್ಡನ್ನು ಗುತ್ತಿಗೆದಾರರ ಕೈಯಲ್ಲೋ ಮಧ್ಯವರ್ತಿಗಳ ಕೈಯಲ್ಲೋ ಬಿಟ್ಟುಬಿಡಬೇಡಿ. ಕೊಡಬೇಕಾದರೆ ಜೆರಾಕ್ಸ್ ಸಾಕು.

ಕೊನೆಗೆ, ಹೊಸಬರಿಗಿಂತ ಹೆಚ್ಚಾಗಿ ಇಲ್ಲಿನವರಿಗೆ ಹೇಳಬೇಕಾದ ಮಾತು. ಮುಂಬಯಿಗೆ ಹೋದ ನಮ್ಮವರಿಗೆ ಸಂಘಗಳು ಕೊಟ್ಟ ಆಸರೆಯನ್ನು ಇಲ್ಲಿಗೆ ಬಂದ ಮೇಸ್ತ್ರಿಗೆ ಕೊಡಬಲ್ಲವರು ಬಾಡಿಗೆ ಮನೆಯ ಯಜಮಾನರು, ಬೋಟಿನ ಮಾಲೀಕರು, ಗುತ್ತಿಗೆದಾರರು. ಕರಾರು ಪತ್ರಕ್ಕೆ ಸಹಿ ಹಾಕಲು ಹಿಂಜರಿಯುವ ಯಜಮಾನರು ಒಂದು ಕುಟುಂಬದ ಹತ್ತು ಕೆಲಸ ತಡೆದಂತೆ. ‘90 ದಿನ ಕೆಲಸ ಮಾಡಿದ್ದಾನೆ’ ಎಂದು ಬರೆದುಕೊಡದ ಗುತ್ತಿಗೆದಾರರಿಂದ ಕೈತಪ್ಪುವುದು ಒಬ್ಬರ ಪಿಂಚಣಿ. ಕೆಲಸಕ್ಕೆ ಜನ ಬಂದ ವಾರದಲ್ಲೇ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ, ‘ಹ್ವಾಯ್, ಇಲ್ಲಿಗೆ ಹೊಸಬರು ಬಂದಿದ್ದಾರೆ, ಒಬ್ಬಳು ಬಸುರಿ, ಎರಡು ಮಕ್ಕಳಿವೆ’ ಎಂದರೆ ಸಾಕು. ತಾಯಿ ಕಾರ್ಡು, ಲಸಿಕೆ, ಜ್ವರದ ರಕ್ತ ಪರೀಕ್ಷೆ ತಾವಾಗಿ ಶುರುವಾಗುತ್ತವೆ. ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆ, ಆಯುಷ್ಮಾನ್ ಕಾರ್ಡು, ಮಕ್ಕಳಿಗೆ ಶಾಲೆ: ಬಂದ ಮೊದಲ ತಿಂಗಳಲ್ಲಿ ಈ ಮೂರು ಮುಗಿಯಲಿ. ಉಳಿದದ್ದಕ್ಕೆ ಸಾವಕಾಶವಿದೆ.