ಕೊರತೆಯೆಂಬ ಮಾತು



ಬಡತನವೆಂದರೆ ಇಲ್ಲದಿರುವಿಕೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಒಂದೊಂದು ಭಾಷೆಯೂ ಅದನ್ನು ಒಂದೊಂದು ಬಗೆಯಲ್ಲಿ ಕಂಡಿದೆ. ಸಂಸ್ಕೃತದ ‘ದರಿದ್ರ’ ಶಬ್ದದ ಮೂಲದಲ್ಲಿ ಅತ್ತಿತ್ತ ಅಲೆಯುವವನ ಚಿತ್ರವಿದೆ. ಗ್ರೀಕರ ‘ಪ್ತೋಖೊಸ್’ ಎಂಬುದರಲ್ಲಿ ಮೈಮುದುರಿ ಕುಗ್ಗಿದವನ, ಎಂದರೆ ತಿರಿದುಣ್ಣುವವನ ಚಿತ್ರವಿದೆ. ಈ ಹೊತ್ತು ನಾವು ವಿಚಾರಮಾಡತಕ್ಕ ಶಬ್ದ ಇವೆರಡಕ್ಕಿಂತಲೂ ಬೇರೆ. ಅದು ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಬರುವ ‘ಹುಸ್ತೆರೇಸಿಸ್’.

ಗ್ರೀಕಿನಲ್ಲಿ ‘ಹುಸ್ತೆರೊಸ್’ ಎಂದರೆ ಹಿಂದಿನದು, ತಡವಾಗಿ ಬಂದದ್ದು. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಹಿಂದೆ ಬೀಳು, ಮುಟ್ಟದೆ ಹೋಗು, ಸಾಲದಾಗು ಎಂಬ ಅರ್ಥಗಳುಂಟು. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಸಾಲದೆ ಹೋದುದನ್ನು ಯೋಹಾನನ ಸುವಾರ್ತೆ ಹೇಳುವುದು ಈ ಕ್ರಿಯಾಪದದಿಂದಲೇ. ಆದಕಾರಣ ಈ ಕೊರತೆ ಮನುಷ್ಯನ ಹುಟ್ಟುಗುಣವಲ್ಲ. ಬೇಕಾದುದಕ್ಕೂ ಇರುವುದಕ್ಕೂ ನಡುವೆ ಬಿದ್ದ ಅಂತರ.

‘ಹುಸ್ತೆರೇಸಿಸ್’ ಎಂಬ ರೂಪ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಮೊದಲನೆಯದು ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ. ಯೆರೂಸಲೇಮಿನ ದೇವಾಲಯದಲ್ಲಿ ಧನಿಕರು ಹೇರಳವಾಗಿ ಕಾಣಿಕೆ ಹಾಕುತ್ತಿರಲು, ಬಡ ವಿಧವೆಯೊಬ್ಬಳು ಅತಿ ಚಿಕ್ಕ ನಾಣ್ಯಗಳೆರಡನ್ನು ಹಾಕುತ್ತಾಳೆ. ಉಳಿದವರು ಕೊಟ್ಟದ್ದು ಮಿಕ್ಕದ್ದರಿಂದ. ಆಕೆ ಕೊಟ್ಟದ್ದು ಕೊರತೆಯಿಂದ. ಆಕೆ ಕೊಟ್ಟದ್ದಕ್ಕೆ ಅಲ್ಲಿ ‘ಬಿಯೊಸ್’ ಎಂಬ ಹೆಸರಿದೆ. ನಮ್ಮ ‘ಬದುಕು’ ಎಂಬ ಮಾತಿನಂತೆ ಅದಕ್ಕೂ ಜೀವನವೆಂದೂ ಜೀವನೋಪಾಯವೆಂದೂ ಎರಡರ್ಥ. ಎರಡನೆಯದು, ಸೆರೆಯಲ್ಲಿದ್ದ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ. ತನ್ನ ಮಾತು ಕೊರತೆಯಿಂದ ಹೊರಟದ್ದಲ್ಲವೆಂದೂ ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರಲು ಕಲಿತಿರುವೆನೆಂದೂ ಆತನು ತಿಳಿಸುತ್ತಾನೆ.

ಇವೆರಡನ್ನೇ ಓದಿದರೆ ಬಡತನವನ್ನು ಹೊಗಳಿ ಸುಮ್ಮನಾಗಿಬಿಡುವ ಅಪಾಯವಿದೆ. ಆದರೆ ಮಾರ್ಕನು ವಿಧವೆಯ ಕಥೆಗೆ ತುಸು ಮುಂಚೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಯೇಸು ಖಂಡಿಸಿದ್ದನ್ನು ಹೇಳಿದ್ದಾನೆ. ಆ ಖಂಡನೆಯನ್ನು ಬಿಟ್ಟು ಆಕೆಯ ತ್ಯಾಗವನ್ನು ಮಾತ್ರ ಕೊಂಡಾಡುವುದು ನ್ಯಾಯವಲ್ಲ. ಪೌಲನೂ ಅಷ್ಟೆ. ತನ್ನ ವಿಷಯದಲ್ಲಿ ಸಾಕೆಂದ ಆತನೇ, ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ, ಇದೇ ಮೂಲದ ‘ಹುಸ್ತೆರೇಮ’ ಶಬ್ದವನ್ನು ಬಳಸಿ, ಕೊರಿಂಥದವರ ಸಮೃದ್ಧಿ ಅವರ ಕೊರತೆಯನ್ನು ತುಂಬಬೇಕೆಂದು ಬರೆದನು. ಆತನು ಅಲ್ಲಿ ಹೇಳಿದ ಗುರಿ ‘ಇಸೋತೇಸ್’, ಎಂದರೆ ಸಮತೆ.

ತನಗೆ ಇಷ್ಟು ಸಾಕೆಂದು ಕೊರತೆಯಲ್ಲಿರುವವನು ಹೇಳಿಕೊಂಡರೆ ಅದು ಆತನ ಧೈರ್ಯ. ಅದೇ ಮಾತನ್ನು ಮಿಕ್ಕಿರುವವನು ಆತನಿಗೆ ಉಪದೇಶಿಸಿದರೆ ಧರ್ಮವಾಗದು. ಒಬ್ಬನು ಹಿಂದೆ ಬಿದ್ದನೆಂದು ಹೇಳುವಾಗ, ಮುಂದೆ ನಡೆದುಬಂದ ನಾವೂ ಆ ಮಾತಿನೊಳಗೆ ಇದ್ದೇವೆ. ಅಂತರವನ್ನು ಅಳೆಯಬೇಕಾದರೆ ಎರಡು ತುದಿಯನ್ನೂ ನೋಡಬೇಕಷ್ಟೆ.