ಮನೆಯ ವಿದ್ಯುತ್ ಜೋಡಣೆಯಲ್ಲಿ ಬದಲಾವಣೆ: ಮರೆಯಬಾರದ ಮೂರು ರಕ್ಷಣೆಗಳು

(ಚೆನ್ನೈನ ನುಂಗಂಬಾಕ್ಕಂನಲ್ಲಿ ಕನ್ನಡ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ನುಂಗಂಬಾಕ್ಕಂನ ಹವಾಮಾನ ಕೇಂದ್ರವು 2003ರ ಮೇ 31ರಂದು 45 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ದಾಖಲಿಸಿತು. ಇಂತಹ ಬೇಸಗೆಯನ್ನು ಕಂಡ ಬಡಾವಣೆಯಲ್ಲಿ ಹವಾನಿಯಂತ್ರಕವು ಭೋಗವಸ್ತುವಾಗಿ ಉಳಿದಿಲ್ಲ. ಅದರ ಜೊತೆಗೆ ಗೀಸರ್, ಬಟ್ಟೆ ಒಗೆಯುವ ಯಂತ್ರ, ಇನ್‌ವರ್ಟರ್ ಮುಂತಾದವೂ ಮನೆ ಸೇರಿವೆ. ಆದರೆ ಇವುಗಳ ಭಾರವನ್ನು ಹೊರಬೇಕಾದ ತಂತಿಗಳು, ಅನೇಕ ಹಳೆಯ ಮನೆಗಳಲ್ಲಿ, ನಾಲ್ಕು ದೀಪ, ಎರಡು ಫ್ಯಾನು ಮತ್ತು ಒಂದು ರೇಡಿಯೊ ಇದ್ದ ಕಾಲದವು. ಹೊಸ ಉಪಕರಣಕ್ಕಾಗಿ ಹಳೆಯ ಜೋಡಣೆಯಲ್ಲಿ ಬದಲಾವಣೆ ಮಾಡುವಾಗ ಯಾವ ರಕ್ಷಣೆಗಳು ಇರಲೇಬೇಕು ಎಂಬುದು ಇಂದಿನ ವಿಷಯ.

ಮೊದಲಿಗೆ ಕಾನೂನಿನ ಮಾತು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೂ, ಅನಂತರ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರೂಪಿಸಿದ ಸುರಕ್ಷತಾ ವಿನಿಯಮಗಳಲ್ಲಿಯೂ ಒಂದೇ ತತ್ವ ನಡೆದುಬಂದಿದೆ. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಮೊದಲಾದವುಗಳನ್ನು, ಜೋಡಣೆಯ ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ, ಇದ್ದ ಜಾಗದಲ್ಲಿಯೇ ಬದಲಿಸಿಕೊಳ್ಳಬಹುದು. ಅದನ್ನು ಮೀರಿದ ಸೇರ್ಪಡೆ, ಮಾರ್ಪಾಡು, ದುರಸ್ತಿಗಳನ್ನು ರಾಜ್ಯದ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನೇ, ಅರ್ಹತಾಪತ್ರವುಳ್ಳವರ ಮೇಲ್ವಿಚಾರಣೆಯಲ್ಲಿ ಮಾಡಿಸತಕ್ಕದ್ದು.

ಇಲ್ಲಿ ಗಮನಿಸಬೇಕಾದುದು ಕೆಲಸದ ಗಾತ್ರವನ್ನಲ್ಲ, ಅದರ ಪರಿಣಾಮವನ್ನು. ಮುರಿದ ಸ್ವಿಚ್ಚಿನ ಬದಲು ಅಂತಹುದೇ ಇನ್ನೊಂದನ್ನು ಹಾಕುವುದು ಬದಲಿಕೆ. 6 ಆಂಪಿಯರ್ ಸಾಕೆಟ್ಟನ್ನು ತೆಗೆದು 16 ಆಂಪಿಯರ್ ಸಾಕೆಟ್ಟನ್ನು ಕೂರಿಸುವುದು ಹತ್ತು ನಿಮಿಷದ ಕೆಲಸವಾದರೂ ಮಾರ್ಪಾಡು. ಏಕೆಂದರೆ ಗೋಡೆಯ ಒಳಗಿನ ತಂತಿ ಅದೇ ಹಳೆಯದು.

ಮೊದಲನೆಯ ರಕ್ಷಣೆ: ತಂತಿಗೆ ತಕ್ಕ ಎಂ.ಸಿ.ಬಿ.

ಎರಡು ಕಿಲೋವ್ಯಾಟ್‌ನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ದೀಪದ ಸಾಲಿಗೆ ಅದನ್ನು ಜೋಡಿಸಿದರೆ ಆ ಸಾಲಿನ 6 ಆಂಪಿಯರ್ ಎಂ.ಸಿ.ಬಿ. ಪದೇ ಪದೇ ಬೀಳುತ್ತದೆ. ಆಗ ತಂತಿಯನ್ನು ಹಾಗೆಯೇ ಬಿಟ್ಟು ಎಂ.ಸಿ.ಬಿ.ಯನ್ನು ಮಾತ್ರ ದೊಡ್ಡದಾಗಿಸುವ ರೂಢಿ ಕಂಡುಬರುತ್ತದೆ. ಹಿಂದೆ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದ ಚಾಳಿಯ ಮುಂದುವರಿಕೆಯಿದು. ಪ್ರವಾಹ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಗೋಡೆಯೊಳಗಿನ ಕೊಳವೆಯಲ್ಲಿ ಆ ಶಾಖಕ್ಕೆ ಹೊರದಾರಿಯಿಲ್ಲ. ಎಂ.ಸಿ.ಬಿ.ಯು ಕಾಯುವುದು ಉಪಕರಣವನ್ನಲ್ಲ, ತಂತಿಯನ್ನು. ಆದುದರಿಂದ ಗೀಸರ್, ಹವಾನಿಯಂತ್ರಕಗಳಿಗೆ ವಿತರಣಾ ಫಲಕದಿಂದಲೇ ಪ್ರತ್ಯೇಕ ಸಾಲು, ತಕ್ಕ ದಪ್ಪದ ತಂತಿ, ಆ ತಂತಿಗೆ ಒಪ್ಪುವ ಎಂ.ಸಿ.ಬಿ. ಇರಬೇಕು. ಸ್ವಿಚ್ಚು ಮತ್ತು ಎಂ.ಸಿ.ಬಿ. ಫೇಸ್ ತಂತಿಯನ್ನು ಕಡಿಯಬೇಕು. ಹಳೆಯ ಮನೆಗಳಲ್ಲಿ ಕಾಣುವಂತೆ ನ್ಯೂಟ್ರಲ್‌ಗೆ ಪ್ರತ್ಯೇಕ ಫ್ಯೂಸ್ ಇರಕೂಡದು.

ಎರಡನೆಯ ರಕ್ಷಣೆ: ಭೂಸಂಪರ್ಕ

ದಿನಬಳಕೆಯಲ್ಲಿ ಇದನ್ನು ಅರ್ಥಿಂಗ್ ಎನ್ನುತ್ತೇವೆ. ಲೋಹದ ಹೊರಮೈಯುಳ್ಳ ಉಪಕರಣದೊಳಗೆ ಫೇಸ್ ತಂತಿ ತಗುಲಿದಾಗ ವಿದ್ಯುತ್ತು ನಮ್ಮ ದೇಹದ ಬದಲು ಈ ದಾರಿಯಲ್ಲಿ ನೆಲ ಸೇರಬೇಕು. ಮೂರು ರಂಧ್ರಗಳ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆಯೆಂದು ಭಾವಿಸುವಂತಿಲ್ಲ. ಮೇಲಿನ ದೊಡ್ಡ ರಂಧ್ರಕ್ಕೆ ತಂತಿಯೇ ಬಾರದಿರುವ ಮನೆಗಳುಂಟು. ನೀರಿನ ಕೊಳಾಯಿಯನ್ನೇ ಭೂಸಂಪರ್ಕವೆಂದು ನೆಚ್ಚಿಕೊಂಡಿದ್ದ ಕಡೆಗಳಲ್ಲಿ, ಕಬ್ಬಿಣದ ಪೈಪು ಹೋಗಿ ಪ್ಲಾಸ್ಟಿಕ್ ಪೈಪು ಬಂದ ದಿನವೇ ಆ ರಕ್ಷಣೆ ಯಾರಿಗೂ ತಿಳಿಯದಂತೆ ಕಡಿದುಹೋಗಿದೆ. ಕೊಳಾಯಿ ಕೆಲಸವೂ ವಿದ್ಯುತ್ ಸುರಕ್ಷತೆಯನ್ನು ಕೆಡಿಸಬಲ್ಲದೆಂಬುದಕ್ಕೆ ಇದು ನಿದರ್ಶನ.

ಮೂರನೆಯ ರಕ್ಷಣೆ: ಸೋರಿಕೆ ತಡೆಯುವ ಆರ್.ಸಿ.ಸಿ.ಬಿ.

ಭೂಸಂಪರ್ಕ ಒಂದೇ ಸಾಲದು. ನೆಲದ ರೋಧ 5 ಓಮ್ ಇದ್ದರೆ 230 ವೋಲ್ಟಿನಲ್ಲಿ ಹರಿಯುವ ದೋಷಪ್ರವಾಹ 46 ಆಂಪಿಯರ್. ಮನೆಗಳಲ್ಲಿ ಬಳಸುವ 16 ಆಂಪಿಯರ್‌ನ ಸಿ ಮಾದರಿಯ ಎಂ.ಸಿ.ಬಿ. ತಕ್ಷಣ ಬೀಳಲು ಕನಿಷ್ಠ 80 ಆಂಪಿಯರ್ ಬೇಕು. ಅದಕ್ಕಿಂತ ಕಡಿಮೆಯಾದಾಗ ಅದು ಬಿಸಿಯೇರುವವರೆಗೆ ಕಾಯುತ್ತದೆ. ಮನುಷ್ಯನ ದೇಹಕ್ಕೆ ಅಷ್ಟು ಕಾಲಾವಕಾಶವಿಲ್ಲ. 30 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು, ದೇಹದ ಮೂಲಕ ಹರಿಯುತ್ತಲೇ ಇದ್ದರೆ ಪ್ರಾಣಾಪಾಯವುಂಟು. ಆರ್.ಸಿ.ಸಿ.ಬಿ.ಯು ಫೇಸ್‌ನಲ್ಲಿ ಹೋದ ಪ್ರವಾಹವೂ ನ್ಯೂಟ್ರಲ್‌ನಲ್ಲಿ ಮರಳಿದ ಪ್ರವಾಹವೂ ಸಮವಾಗಿವೆಯೇ ಎಂದು ಸದಾ ತೂಗಿ ನೋಡುತ್ತದೆ. ವ್ಯತ್ಯಾಸ ಕಂಡೊಡನೆ, ಕ್ಷಣದ ಒಂದಂಶದಲ್ಲಿ, ಸಂಪರ್ಕವನ್ನು ಕಡಿಯುತ್ತದೆ. ಗೃಹಬಳಕೆಗೆ ಇದರ ಮಿತಿ 30 ಮಿಲಿಆಂಪಿಯರನ್ನು ಮೀರಕೂಡದು. ಆದರೆ ಅಧಿಕ ಭಾರವನ್ನು ಇದು ಅರಿಯದು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಏಕಕಾಲದಲ್ಲಿ ಮುಟ್ಟಿದವನನ್ನು ಉಳಿಸುವ ಭರವಸೆಯನ್ನೂ ನೀಡದು. ಆದ್ದರಿಂದ ಮೂರು ರಕ್ಷಣೆಗಳೂ ಕೂಡಿಯೇ ಇರಬೇಕು.

ಇನ್‌ವರ್ಟರ್ ಅಳವಡಿಸಿದ ಮನೆಗಳ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಬೇರೆ ಬೇರೆ ಸಾಲುಗಳ ನ್ಯೂಟ್ರಲ್ ತಂತಿಗಳನ್ನು ಒಟ್ಟಿಗೆ ಕಟ್ಟಿಬಿಟ್ಟರೆ ಲೆಕ್ಕ ತಪ್ಪಿ ಆರ್.ಸಿ.ಸಿ.ಬಿ. ಕಾರಣವಿಲ್ಲದೆ ಬೀಳುತ್ತಿರುವಂತೆ ತೋರುತ್ತದೆ. ಆಗ ಜೋಡಣೆಯನ್ನು ಸರಿಪಡಿಸುವ ಬದಲು ಆರ್.ಸಿ.ಸಿ.ಬಿ.ಯನ್ನೇ ಬಳಸಿಹಾಯ್ದು ತಂತಿ ಎಳೆಯುವವರಿದ್ದಾರೆ. ಕೂಗುತ್ತದೆಂದು ಕಾವಲು ನಾಯಿಯ ಬಾಯಿ ಕಟ್ಟಿದ ಹಾಗಾಯಿತು. ಇನ್ನೊಂದು ಅಪಾಯವೆಂದರೆ, ಮೇನ್ ಸ್ವಿಚ್ ಆರಿಸಿದ ಮೇಲೂ ಇನ್‌ವರ್ಟರ್‌ನ ಸಾಲುಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಬಲ್ಬು ಬದಲಿಸುವ ಮುನ್ನವೂ ಎರಡನ್ನೂ ಆರಿಸಿ, ಪರೀಕ್ಷಿಸಿ ನೋಡುವುದು ಅಗತ್ಯ.

2015 ಮತ್ತು 2023ರ ಡಿಸೆಂಬರ್ ತಿಂಗಳ ನೆರೆಯನ್ನು ಈ ನಗರ ಮರೆತಿಲ್ಲ. ನೆಲಮಹಡಿಯವರು ಫಲಕವನ್ನೂ ಸಾಕೆಟ್ಟುಗಳನ್ನೂ ಎತ್ತರಕ್ಕೆ ಸರಿಸಲು ದುರಸ್ತಿಯ ಸಮಯವೇ ಸೂಕ್ತ. ನೀರು ಹೊಕ್ಕ ಜೋಡಣೆಯನ್ನು ಪರೀಕ್ಷಿಸದೆ ಚಾಲೂ ಮಾಡಕೂಡದು.

ಕೆಲಸ ಮುಗಿದ ಮೇಲೆ ಗುತ್ತಿಗೆದಾರನಿಂದ ತಾವು ಕೇಳಬೇಕಾದುವು ಇವು:

1. ತಂತಿ, ಎಂ.ಸಿ.ಬಿ., ಸಾಕೆಟ್ಟುಗಳ ಮೇಲೆ ಐ.ಎಸ್.ಐ. ಗುರುತು ಇದೆಯೇ?
2. ಮೆಗ್ಗರ್‌ನಿಂದ ನಿರೋಧಕತೆಯನ್ನು ಅಳೆಯಲಾಯಿತೇ? ಅದು ಒಂದು ಮೆಗಾಓಮ್‌ಗಿಂತ ಕಡಿಮೆಯಿರಬಾರದು.
3. ಪ್ರತಿ ಸಾಕೆಟ್ಟಿನಲ್ಲಿಯೂ ಅರ್ಥಿಂಗ್ ತಲುಪಿದೆಯೇ?
4. ಪರೀಕ್ಷಾ ಗುಂಡಿ ಒತ್ತಿದಾಗ ಆರ್.ಸಿ.ಸಿ.ಬಿ. ಬೀಳುತ್ತದೆಯೇ? ಇದನ್ನು ತಿಂಗಳಿಗೊಮ್ಮೆ ತಾವೇ ನೋಡಬಹುದು.
5. ಹೆಚ್ಚಿದ ಭಾರಕ್ಕೆ ವಿತರಣಾ ನಿಗಮದ ಮಂಜೂರಾತಿ ದೊರೆತಿದೆಯೇ?

ಇವುಗಳ ಉತ್ತರವನ್ನು ಸಹಿ ಮಾಡಿದ ಪರೀಕ್ಷಾ ವರದಿಯಾಗಿ ಪಡೆದು ಮನೆಯ ಕಾಗದಪತ್ರಗಳೊಂದಿಗೆ ಇರಿಸಿಕೊಳ್ಳಿ. ಬಾಡಿಗೆದಾರರು ಮಾಲೀಕರನ್ನೂ, ಮಾಲೀಕರು ಗುತ್ತಿಗೆದಾರರನ್ನೂ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳುವಂತಾಗಲಿ. ಗೋಡೆಗೆ ಗಿಲಾವು ಮಾಡಿ ಬಣ್ಣ ಬಳಿದ ಮೇಲೆ ಒಳಗಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕೇಳುವ ಕಾಲ ಅದಕ್ಕೆ ಮುಂಚೆ.