ಬೆಂಕಿ-ನೀರುಗಳ ನಡುವಿನ ಹಾಳೆ

ಮನೆಯಲ್ಲಿ ಕೈಯಾರೆ ಮಾಡಿಕೊಳ್ಳಬಹುದಾದ ಕೆಲಸವೊಂದನ್ನು ಕುರಿತು ಮಾತನಾಡಬೇಕೆಂಬ ಕರೆ ಬಂದಾಗ, ನಾನು ಚೆನ್ನಾಗಿ ಮಾಡಿದ ಕೆಲಸಕ್ಕಿಂತ ಕೆಡಿಸಿದ ಕೆಲಸವನ್ನು ಹೇಳುವುದೇ ಕೇಳುಗರಿಗೆ ಹೆಚ್ಚು ಪ್ರಯೋಜನಕರವಾದೀತೆಂದು ನನಗೆ ತೋರಿತು. ಆ ಕೆಲಸ ಮೋಟಾರು ಕಾರಿನ ಎಂಜಿನ್ನಿಗೆ ಹೊಸ ಹೆಡ್ ಗ್ಯಾಸ್ಕೆಟ್ ಹಾಕುವುದು.

ಹಾಗೆಂದರೇನೆಂಬುದನ್ನು ಮೊದಲು ಅರಿಕೆ ಮಾಡುತ್ತೇನೆ. ಎಂಜಿನ್ನು ಒಂದೇ ಎರಕದ ತುಂಡಲ್ಲ. ಕೆಳಗೆ ಪಿಸ್ಟನ್ನುಗಳು ಏರಿಳಿಯುವ ಬ್ಲಾಕು. ಅದರ ಮೇಲೆ, ಪಾತ್ರೆಗೆ ಮುಚ್ಚಳವಿಟ್ಟಂತೆ, ಸಿಲಿಂಡರ್ ಹೆಡ್ಡು. ಎಷ್ಟೇ ನುಣುಪು ಮಾಡಿದರೂ ಲೋಹದ ಮೇಲೆ ಲೋಹವನ್ನು ಬರಿದೇ ಕೂರಿಸಿದರೆ ಸಂದು ಉಳಿಯುತ್ತದೆ. ಆ ಸಂದನ್ನು ಮುಚ್ಚುವ ತೆಳ್ಳನೆಯ ಹಾಳೆಯೇ ಗ್ಯಾಸ್ಕೆಟ್. ಪೆಟ್ರೋಲು ಹೊತ್ತಿ ಉರಿಯುವ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಬಿಸಿ 2000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಅಲ್ಲಿಂದ ಸ್ವಲ್ಪವೇ ಆಚೆಗೆ, ಅದೇ ಹಾಳೆಯ ಬೇರೆ ರಂಧ್ರಗಳ ಮೂಲಕ, ಎಂಜಿನ್ನನ್ನು ತಣಿಸುವ ನೀರು ಹರಿಯುತ್ತಿರುತ್ತದೆ, ಇನ್ನೊಂದೆಡೆ ಎಣ್ಣೆ. ಬೆಂಕಿ, ನೀರು, ಎಣ್ಣೆ ಒಂದೇ ಮನೆಯಲ್ಲಿದ್ದೂ ಒಂದನ್ನೊಂದು ಮುಟ್ಟದಂತೆ ಕಾಯುವುದು ಈ ಹಾಳೆಯ ಧರ್ಮ.

ನಮ್ಮ ತಂದೆಯವರದೊಂದು ಅಂಬಾಸಿಡರ್ ಇತ್ತು. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಆ ಕಾರನ್ನು ನಮ್ಮಲ್ಲಿ ಬಲ್ಲದವರು ವಿರಳ. ನಮ್ಮದು 1489 ಸಿ.ಸಿ.ಯ ಪೆಟ್ರೋಲು ಎಂಜಿನ್ನು. 1986ರ ಬೇಸಿಗೆಯಲ್ಲಿ ಅದಕ್ಕೆ ದಿನಕ್ಕೊಂದು ಚೊಂಬು ನೀರು ಬೇಕಾಗತೊಡಗಿತು. ಎಲ್ಲಿಯೂ ಸೋರಿದ ಗುರುತಿಲ್ಲ. ಹಿಂದಿನ ಕೊಳವೆಯಲ್ಲಿ ಬಿಳಿಯ ಹಬೆ. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ. ಎಣ್ಣೆ ನೋಡುವ ಕಡ್ಡಿಯನ್ನೆಳೆದರೆ ತುದಿಯಲ್ಲಿ ಮಜ್ಜಿಗೆ ಬೆರೆಸಿದಂಥ ಬಣ್ಣ. ಗ್ಯಾಸ್ಕೆಟ್ ಸುಟ್ಟಿದೆಯೆಂದು ನಾನು ನಿರ್ಣಯಿಸಿದೆ. ನಿರ್ಣಯ ಸರಿಯಾಗಿಯೇ ಇತ್ತು.

ಶಾಲೆಗೆ ರಜೆ. ನಾನು ವಿಜ್ಞಾನದ ಮೇಷ್ಟರು. ಪೇಟೆಯಿಂದ ಹೊಸ ಗ್ಯಾಸ್ಕೆಟ್ ತಂದು ಒಂದೇ ಹಗಲಿನಲ್ಲಿ ಹೆಡ್ಡನ್ನು ಬಿಚ್ಚಿ, ಹಾಳೆ ಬದಲಿಸಿ, ತೋಳಿನ ಬಲವಿದ್ದಷ್ಟೂ ನಟ್ಟುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿಗಿದೆ. ಎಂಜಿನ್ನು ಹೊರಟಿತು. ನೆರೆಯವರಿಗೆ ಕಾಫಿಯಾಯಿತು. ತಂದೆಯವರು ಮಾತ್ರ, "ಅದು ಸುಟ್ಟಿದ್ದೇಕೆ?" ಎಂದು ಒಮ್ಮೆ ಕೇಳಿದರು. "ಹಳೆಯದಾಗಿತ್ತು ಅಣ್ಣ" ಎಂದೆ.

ಆರು ವಾರಗಳ ತರುವಾಯ ಅವರ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮಂಗಳೂರಿನಿಂದ ಕಡೂರು ಸೀಮೆಯ ನಮ್ಮ ಊರಿಗೆ ಹಿಂದಿರುಗುತ್ತಿದ್ದೆವು. ಚಾರ್ಮಾಡಿ ಘಟ್ಟದ ಅರ್ಧ ಏರಿನಲ್ಲಿ ಎಂಜಿನ್ನು ಕಾದು, ಬಲಗುಂದಿ, ಕೊನೆಗೆ ಬುಸುಗುಟ್ಟಿ ನಿಂತಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಎಪ್ಪತ್ತರ ಮುದುಕರನ್ನು ದಾರಿಯ ಬದಿಯ ಕಲ್ಲಿನ ಮೇಲೆ ಕೂರಿಸಿದೆ. ಸಂಜೆಯ ಮಂಜು ಇಳಿಯುತ್ತಿತ್ತು. ಅವರು ಬೈಯಲಿಲ್ಲ. "ಹೋದ ಸಲವೂ ಇದೇ ಸದ್ದಲ್ಲವೇನಪ್ಪ?" ಎಂದರು, ಅಷ್ಟೆ. ಯಾರೋ ಪುಣ್ಯಾತ್ಮರಾದ ಲಾರಿಯವರು ನಮ್ಮನ್ನು ಕೊಟ್ಟಿಗೆಹಾರಕ್ಕೆ ಮುಟ್ಟಿಸಿದರು.

ಕಾರನ್ನು ಊರಿಗೆಳೆಸಿ ತಂದ ಮೇಲೆ, ಗ್ಯಾರೇಜಿನ ಕೆಲಸದಿಂದ ನಿವೃತ್ತರಾಗಿದ್ದ ವೃದ್ಧ ಮೇಸ್ತ್ರಿಯೊಬ್ಬರನ್ನು ಮನೆಗೆ ಕರೆತಂದೆ. ಅವರು ಸ್ಪಾನರ್ ಮುಟ್ಟಲಿಲ್ಲ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, "ನೀವೇ ಮಾಡಿ ಮೇಷ್ಟ್ರೇ, ನಾನು ನೋಡುತ್ತೇನೆ" ಎಂದರು. ಮುಂದೆ ಹೇಳುವುದೆಲ್ಲ ಅವರು ಕಲಿಸಿದ್ದು.

ಎಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಕೈಯಿಡಕೂಡದು. ಕಾದ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬಿಸಿಯಿರುವಾಗ ನಟ್ಟು ಸಡಿಲಿಸಿದರೆ ಹೆಡ್ಡು ಸೊಟ್ಟಗಾಗುತ್ತದೆ. ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕು, ಆಮೇಲೆ ನೀರನ್ನು ಬಸಿಯಬೇಕು. ಈ ಎಂಜಿನ್ನಿನಲ್ಲಿ ರಾಕರುಗಳನ್ನು ಹಿಡಿದ ಕೆಲವು ನಟ್ಟುಗಳೇ ಹೆಡ್ಡನ್ನೂ ಹಿಡಿದಿರುತ್ತವೆ. ಆದುದರಿಂದ ಅವನ್ನಷ್ಟೇ ಬಿಚ್ಚದೆ, ಎಲ್ಲ ನಟ್ಟುಗಳನ್ನೂ ಹೊರಗಿನಿಂದ ನಡುವಿಗೆ, ಸುತ್ತಿಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಎಂಟು ಪುಶ್ ರಾಡುಗಳನ್ನು ರಟ್ಟಿನಲ್ಲಿ ಎಂಟು ತೂತು ಮಾಡಿ ಕ್ರಮವಾಗಿ ಸಿಕ್ಕಿಸಿಡಬೇಕು. ಸವೆದ ಜಾಗಕ್ಕೆ ಸವೆದದ್ದೇ ಹಿಂದಿರುಗಬೇಕು. ಬೀಡು ಕಬ್ಬಿಣದ ಹೆಡ್ಡು ಬಲು ಭಾರ, ಎತ್ತಲು ಇಬ್ಬರು ಬೇಕು. ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ನಾನು ಹಿಂದೆ ಮೀಟಿದ ಗೀರನ್ನು ಮೇಸ್ತ್ರಿ ಉಗುರಿನಿಂದ ಸವರಿ ತೋರಿಸಿದರು.

ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ಜೊತೆಗೆ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದನ್ನು ಇಂದು ಎಲ್ಲರೂ ಬಲ್ಲರು. ಹಳೆಯ ಕಾರನ್ನು ಬಿಚ್ಚುವವರು ಅದನ್ನು ಒಣಗಿದ್ದಾಗ ಕೆರೆಯಬಾರದು, ಊದಬಾರದು. ತೇವ ಮಾಡಿ ತೆಗೆಯಬೇಕು.

ಮೈ ಶುಭ್ರವಾದ ಮೇಲೆ ಮೇಸ್ತ್ರಿ ತಮ್ಮ ಚೀಲದಿಂದ ಉಕ್ಕಿನ ನೇರಪಟ್ಟಿಯೊಂದನ್ನು ತೆಗೆದು ಹೆಡ್ಡಿನ ಮೇಲೆ ಉದ್ದಕ್ಕೂ ಓರೆಗೂ ಇಟ್ಟು, ಅಡಿಗೆ ಫೀಲರ್ ಗೇಜಿನ ತೆಳ್ಳನೆಯ ಎಲೆಯನ್ನು ತೂರಿಸಲು ಹೇಳಿದರು. ಎಲೆ ಒಳಗೆ ಹೋಯಿತು. ಎರಡು, ಮೂರನೆಯ ಸಿಲಿಂಡರುಗಳ ನಡುವೆ ಹೆಡ್ಡು ಬಾಗಿತ್ತು. ಹೊಸ ಹಾಳೆ ಸುಟ್ಟಿದ್ದೂ ಅಲ್ಲಿಯೇ. ಹಾಗಾದರೆ ಹೆಡ್ಡು ಬಾಗಿದ್ದೇಕೆ? ಎಂಜಿನ್ನು ಕಾದದ್ದರಿಂದ. ಕಾದದ್ದೇಕೆ? ನಮ್ಮ ಅಡಿಗೆಮನೆಯಲ್ಲಿ ಪಾತ್ರೆಯ ನೀರಿನೊಳಗೆ ಥರ್ಮೋಸ್ಟಾಟನ್ನು ದಾರದಲ್ಲಿ ತೂಗಿಬಿಟ್ಟು ಒಲೆ ಹೊತ್ತಿಸಿದೆವು. ನೀರು ಕೊತಕೊತ ಕುದಿದರೂ ಅದು ಬಾಯಿ ತೆರೆಯಲಿಲ್ಲ. ರೇಡಿಯೇಟರಿನ ಕೊಳವೆಗಳಲ್ಲಿ ಬಿಳಿಯ ಸುಣ್ಣದಂಥ ಗಸಿ ಕಟ್ಟಿತ್ತು. ವರ್ಷಗಟ್ಟಲೆ ಕೊಳವೆ ಬಾವಿಯ ಗಡುಸು ನೀರನ್ನು ಅದಕ್ಕೆ ಸುರಿಯುತ್ತ ಬಂದವನು ನಾನೇ. ನೀರಿನ ಗಡುಸುತನವನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದವನೂ ನಾನೇ.

"ಸುಟ್ಟ ಗ್ಯಾಸ್ಕೆಟ್ ರೋಗವಲ್ಲ ಮೇಷ್ಟ್ರೇ, ಜ್ವರ" ಎಂದರು ಮೇಸ್ತ್ರಿ.

ಮನೆಯಲ್ಲಿ ಆಗದ ಕೆಲಸವನ್ನು ಆಗದೆಂದು ಒಪ್ಪಿಕೊಳ್ಳುವುದೂ ಕೆಲಸದ ಭಾಗವೇ. ಹೆಡ್ಡನ್ನು ಯಂತ್ರವಿರುವ ಕಾರ್ಖಾನೆಗೆ ಕಳುಹಿಸಿ ಫೇಸಿಂಗ್ ಮಾಡಿಸಿ ತಂದೆವು. ರೇಡಿಯೇಟರನ್ನು ಶುದ್ಧಿ ಮಾಡಿಸಿ, ಹೊಸ ಥರ್ಮೋಸ್ಟಾಟ್ ಹಾಕಿದೆವು. ಬ್ಲಾಕಿನ ಮೈಯೂ ಸಮವಾಗಿರುವುದನ್ನು ಪಟ್ಟಿಯಿಟ್ಟು ನೋಡಿ, ಗ್ಯಾಸ್ಕೆಟ್ಟಿನ ಮೇಲ್ಮೈ ಯಾವುದು, ಮುಂಭಾಗ ಯಾವುದು ಎಂದು ಗಮನಿಸಿ ಕೂರಿಸಿದೆವು. ಇನ್ನು ಬಿಗಿಯುವುದು. ಮೃದಂಗಕ್ಕೆ ಶ್ರುತಿ ಕೂಡಿಸುವವರು ಒಂದೇ ಕಡೆ ಬಡಿಯುತ್ತ ಹೋಗುವುದಿಲ್ಲ. ಸುತ್ತಲೂ ಸಮನಾದ ಎಳೆತ ಬರುವಂತೆ ನೋಡುತ್ತಾರೆ. ಇಲ್ಲಿಯೂ ಹಾಗೆಯೇ. ನಡುವಿನ ನಟ್ಟಿನಿಂದ ಆರಂಭಿಸಿ ಆಚೀಚೆ ಹೊರಸರಿಯುತ್ತ, ಮೊದಲ ಸುತ್ತಿಗೆ ಸ್ವಲ್ಪ, ಎರಡನೆಯ ಸುತ್ತಿಗೆ ಇನ್ನಷ್ಟು, ಕೊನೆಯ ಸುತ್ತಿಗೆ ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಯಷ್ಟು. ಆ ಅಳತೆಯನ್ನು ತೋಳು ಹೇಳಲಾರದು. ಟಾರ್ಕ್ ರೆಂಚ್ ಹೇಳಬೇಕು. ಎಂಜಿನ್ನನ್ನು ಒಮ್ಮೆ ಬಿಸಿಮಾಡಿ ತಣಿಯಲು ಬಿಟ್ಟು, ಬಿಗಿಯನ್ನು ಮತ್ತೊಮ್ಮೆ ನೋಡಿ, ಟ್ಯಾಪೆಟ್ಟುಗಳ ಅಂತರವನ್ನು ಹೊಂದಿಸಿದೆವು.

ಇದು ಹಳೆಯ ಎಂಜಿನ್ನಿನ ಮಾತು. ಇಂದಿನ ಬಹಳಷ್ಟು ಕಾರುಗಳ ಗ್ಯಾಸ್ಕೆಟ್ ಹಲವು ಪದರಗಳ ಉಕ್ಕಿನದು. ಅನೇಕ ಎಂಜಿನ್ನುಗಳ ಹೆಡ್ ಬೋಲ್ಟುಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ, ಹೊಸವನ್ನೇ ಹಾಕಬೇಕು. ಆಯಾ ಕಾರಿನ ಕೈಪಿಡಿಯೇ ಅಲ್ಲಿ ಪ್ರಮಾಣ. ಆದರೆ ಸುಟ್ಟಿದ್ದೇಕೆ ಎಂಬ ಪ್ರಶ್ನೆ ಎಲ್ಲ ಎಂಜಿನ್ನುಗಳಿಗೂ ಒಂದೇ.

ಮೊದಲ ಸಲದ ಕೆಲಸಕ್ಕೆ ಒಂದು ಹಗಲು ಹಿಡಿದಿತ್ತು. ಎರಡನೆಯ ಸಲ ಒಂಬತ್ತು ದಿನ. ಹತ್ತನೆಯ ದಿನ ತಂದೆಯವರನ್ನು ಕರೆದೆ. ಅವರ ಕಣ್ಣಿನ ಪಟ್ಟಿ ಬಿಚ್ಚಿಯಾಗಿತ್ತು. ಆದರೂ ಎಂಜಿನ್ನು ಹೊರಟಾಗ ಅವರು ಅದರತ್ತ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ಬಾಗಿಲು ತೆಗೆದು ಒಳಗೆ ಕುಳಿತು, "ಮರುತಪಾಸಣೆಗೆ ಮಂಗಳೂರಿಗೆ ಯಾವಾಗ ಹೊರಡೋಣ?" ಎಂದರು.